ನನ್ನ ಹನಿ ತೇಲಿತ್ತು

ಹೋದ್ ವರ್ಷ ಮೇ ತಿಂಗಳಾಗ ಅಕ್ಕನ ಹೆರಿಗಿ ಆಯ್ತು. ಕೂಸು ಛೊಲೋ ಇತ್ತು ಆದ್ರ ಅಕ್ಕಗ ರಕ್ತ ಭಾಳ ಹೋಯ್ತು, ಎರಡ್ ಬಾಟಲಿ ಏರಿಸ್ಬೇಕು, ಅದರ ಬದಲಿ ನಿಮ್ಮ ಕಡಿಂದ ಇಬ್ರು ಕೊಡ್ರಿ ಅಂದ್ರು. ಕಲಬುರಗಿ ಬ್ಯಾಸಗಿ ನಿಮಗ ಗೊತ್ತೇ ಅದ, ಕಾಲೇಜ್ ಹುಡುಗ್ರು ಸೂಟಿಗಿ ಊರಿಗಿ ಹೋಗಿರ್ತಾರ, ರಕ್ತದಾನದ ಕ್ಯಾಂಪ್ ಕಡಿಮಿ, ಯಾರಿಗಿ ಫೋನ್ ಹಚ್ಚಿದ್ರೂ ಊರಾಗಿಲ್ಲ ಅಂತಾರ. ಹೊರಗ ಒಬ್ಬಂವ ಬಂದು ರೊಕ್ಕ ಕೊಡ್ರಿ, ಹುಡುಗ್ರಿಗಿ ಕರ್ಕೊಂಡ್ ಬರ್ತೀನಿ ಅಂದ. ರಕ್ತ ಮಾರೂದು ದೇಶದಾಗ 1998ರಿಂದೇ ಬಂದ್ ಆಗ್ಯದ, ಆದ್ರೂ ದಿಕ್ಕು ತಪ್ಪಿದವ್ರ ಹತ್ರ ಇಂಥವ್ರು ಬರ್ತಾರ. ಬ್ಯಾಡಪಾ ನಾನೇ ಕೊಡ್ತೀನಿ ಅಂತ ಒಳಗ ಹೋದೆ.

ಬೆರಳಿಗಿ ಚುಚ್ಚಿ ಒಂದ್ ಹನಿ ನೀಲಿ ನೀರಿನ್ಯಾಗ ಬಿಟ್ರು. ಅದು ಕಾಪರ್ ಸಲ್ಫೇಟ್, ಹಿಮೋಗ್ಲೋಬಿನ್ 12.5 ಇದ್ರ ಹನಿ ಮುಳುಗ್ತದ, ಕಡಿಮಿ ಇದ್ರ ತೇಲ್ತದ. ನಂದು ತೇಲಿತು. ಮಷೀನಿನ್ಯಾಗ ನೋಡಿದ್ರ 10.8. ಒಡಹುಟ್ಟಿದಾಕಿ ಒಳಗ ಮಲಗ್ಯಾಳ, ನನಗ ಕೊಡ್ಲಾಕ ಬರಂಗಿಲ್ಲ, ಅಲ್ಲೇ ಬೆಂಚಿನ ಮ್ಯಾಲ ಕುಂತು ಅತ್ತೆ. ಕಡೀಗಿ ಮಾವ ಮತ್ತ ಅವರ ಗೆಳ್ಯಾ ಕೊಟ್ರು, ಅಕ್ಕ ಉಳದ್ಲು.

ಆಮ್ಯಾಲ ಡಾಕ್ಟರ್ ಬರ್ದ ಕಬ್ಬಿಣದ ಗುಳಗಿ ತಿಂದೆ, ಗುಳಗಿ ಜೋಡಿ ಚಾ ಕುಡಿಯೂದು ಬಿಟ್ಟು ನಿಂಬಿಹಣ್ಣಿನ ಪಾನಕ ಕುಡದೆ, ದಿನಾ ಪಲ್ಯ ಬ್ಯಾಳಿ ಊಟ. ಏಳೆಂಟ್ ತಿಂಗಳು ಹಿಡೀತು. ನಮ್ಮ ಹೆಣ್ಮಕ್ಕಳು ಎಲ್ಲಾರೂ ಉಂಡ್ ಮ್ಯಾಲ ಉಳದಿದ್ದು ಉಣ್ತಾರ, ಸುಸ್ತಾದ್ರ ಇರೂದೇ ಹಿಂಗ ಅಂತಾರ, ಯಾರೂ ಒಂದ್ ಸಲ ಚೆಕ್ ಮಾಡ್ಸಂಗಿಲ್ಲ. ದಯವಿಟ್ಟು ಮಾಡ್ಸಿರಿ.

ಈ ಜನವರಿಯಾಗ ಜೇವರ್ಗಿ ರೋಡ್ ಕಡಿ ಒಂದ್ ಕ್ಯಾಂಪಿಗಿ ಹೊಂಟಾಗ ಅವ್ವ ಅಡ್ಡ ನಿಂತಳು, "ತಿಂಗಳಾ ಹೋಗೂದು ಸಾಲಂಗಿಲ್ಲೇನು, ಮತ್ತ ಕೊಟ್ ಬರ್ತಿಯಾ?" ಅಕ್ಕನ ಕೂಸಿನ್ನ ಅಕಿ ಉಡ್ಯಾಗ ಹಾಕಿ ಹೋದೆ. ಹನಿ ಮುಳುಗ್ತು. 350 ಎಂಎಲ್ ತಗೊಂಡ್ರು, ಹತ್ತ್ ನಿಮಿಷ, ಅಷ್ಟೇ.

ಅಲ್ಲಿ ಟೆಕ್ನಿಷಿಯನ್ ಅಕ್ಕೋರು ಹೇಳಿದ್ರು, ಕೆಂಪು ಕಣ ಫ್ರಿಜ್ಜಿನ್ಯಾಗ ಇಟ್ರೂ ಹೆಚ್ಚಂದ್ರ 42 ದಿನ, ರಕ್ತ ಹೆಪ್ಪುಗಟ್ಟಿಸೂ ಪ್ಲೇಟ್‌ಲೆಟ್ ಐದೇ ದಿನ. ಅಂದ್ರ ಜನವರಿಯಾಗ ನೂರ್ ಮಂದಿ ಕೊಟ್ಟಿದ್ದು ಮೇದಾಗ ಹೆರಿಗಿ ಆಗೋರಿಗಿ ಬರಂಗಿಲ್ಲ. ಥಲಸ್ಸೇಮಿಯಾ (ಹುಟ್ಟಿನಿಂದೇ ಮೈಯಾಗ ರಕ್ತ ಸರಿ ತಯಾರಾಗದ ರೋಗ) ಇದ್ದ ಮಕ್ಕಳಿಗಿ ಎರಡ್ ಮೂರ್ ವಾರಕ್ಕೊಮ್ಮಿ ಬೇಕು, ಅವಕ್ಕ ಸೂಟಿ ಎಲ್ಲದ? ಹಬ್ಬ, ಹುಟ್ಟಿದ್ ದಿನ ಅಂತ ಎಲ್ಲಾರೂ ಒಂದೇ ದಿನ ಕೊಡೂದಕ್ಕಿಂತ ನಿಮ್ಮ ಪಾಳಿ ಬ್ಯಾಸಗ್ಯಾಗ ಇಟ್ಕೋರಿ. ಗಂಡಸ್ರಿಗಿ ಮೂರ್ ತಿಂಗಳು, ಹೆಣ್ಮಕ್ಕಳಿಗಿ ನಾಲ್ಕ್ ತಿಂಗಳು ಅಂತರ ಇರ್ಬೇಕು.

ಮೇ ನಡುವಿಗಿ ನಂದು ನಾಲ್ಕ್ ತಿಂಗಳು ತುಂಬ್ತದ. ಬಿಸ್ಲು ಏರೂದ್ರಾಗ ಮುಂಜಾನಿನೇ ಹೋಗಿ ಬಾ, ಉಂಡು ಹೋಗು ಅಂತ ಅವ್ವ ಈಗೇ ಹೇಳ್ಲಾಕತ್ಯಾಳ.