ಟಿಕೆಟ್‌ನಲ್ಲಿ 22 ಗಂಟೆ, ಮನೆ ಲೆಕ್ಕದಲ್ಲಿ 29

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನೆಟ್ಟಗೆ ಅಳೆದರೆ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಉತ್ತರ ಧ್ರುವದ ಮೇಲೆ ಹಾರಿ ಸುಮಾರು 17 ಗಂಟೆಯಲ್ಲಿ ಇಲ್ಲಿಗೆ ಬಂದಿದ್ದರು. ನಮ್ಮ ತಾರೀಖಿಗೆ ನೇರ ವಿಮಾನ ಸಿಗಲಿಲ್ಲ. ಅಮ್ಮನನ್ನು ಕರೆದುಕೊಂಡು ದುಬೈ ಮೇಲೆ ಹೋದೆ. ದುಬೈಗೆ ಸುಮಾರು 2,700 ಕಿ.ಮೀ., ಅಲ್ಲಿಂದ 13,000. ಜಾಸ್ತಿಯಾಗಿದ್ದು 1,700 ಅಷ್ಟೇ.

ದೂರಕ್ಕಿಂತ ಹೊತ್ತಿನ ಲೆಕ್ಕವೇ ಮುಖ್ಯ. ವಿಮಾನ ಬೆಳಗಿನ ಜಾವ ನಾಲ್ಕೂವರೆಗೆ. ಬಸವನಗುಡಿಯ ಮನೆ ಬಿಟ್ಟಿದ್ದು ಹಿಂದಿನ ರಾತ್ರಿ ಹನ್ನೊಂದೂವರೆಗೆ. ಆ ಹೊತ್ತಲ್ಲಿ ಹೆಬ್ಬಾಳ ಖಾಲಿ, ಒಂದೇ ಗಂಟೆಯಲ್ಲಿ ತಲುಪಿದೆವು. ಸಂಜೆ ವಿಮಾನವಾದರೆ ರಸ್ತೆಗೇ ಎರಡು ಗಂಟೆ ಇಟ್ಟುಕೊಳ್ಳಿ. ವಿದೇಶದ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್, ಅಂದರೆ ಟಿ2ನಿಂದ. ಡ್ರೈವರ್‌ಗೆ ಮೊದಲೇ ಹೇಳಿ.

ಕೌಂಟರ್‌ನಲ್ಲಿದ್ದ ಹುಡುಗಿ, "ಬ್ಯಾಗಲ್ಲಿ ಕೊಬ್ಬರಿ ಇದೆಯಾ ಅಮ್ಮಾ?" ಅಂದಳು. "ಇದೆಯಲ್ಲ, ನಾಲ್ಕು ಗಿಟುಕು, ತಿಪಟೂರಿನದು" ಅಂದರು ಅಮ್ಮ, ಹೆಮ್ಮೆಯಿಂದ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುತ್ತೆ ಅಂತ ಲಗೇಜಿನಲ್ಲಿ ಬಿಡುವುದಿಲ್ಲ. ಅಲ್ಲೇ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಸೀರೆ ಮಡಿಕೆಗಳ ನಡುವಿನಿಂದ ಒಂದೊಂದಾಗಿ ತೆಗೆದೆವು. ಹಿಂದಿನ ಸಾಲಿನವರೆಲ್ಲ ನೋಡುತ್ತಿದ್ದರು! ಕರಿಬೇವನ್ನು ಮನೆಯಲ್ಲೇ ಬಿಟ್ಟು ಬರುವಂತೆ ಮಾಡಿದ್ದೆ, ಅಮೆರಿಕದಲ್ಲಿ ಅದಕ್ಕೆ ತಡೆ. ಚಟ್ನಿಪುಡಿ, ಹುಳಿಪುಡಿ ಹೋಯಿತು. ಆದರೆ ಇಳಿದ ಮೇಲೆ ತಿನ್ನುವ ಪದಾರ್ಥ ಏನೇನಿದೆ ಅಂತ ಅಧಿಕಾರಿಗೆ ಹೇಳಿಬಿಡಿ, ಮುಚ್ಚಿಡಬೇಡಿ.

ದುಬೈನಲ್ಲಿ ಎರಡೇ ಗಂಟೆ ಅಂತರವಿದ್ದ ಟಿಕೆಟ್ ತೆಗೆದಿದ್ದು ನನ್ನ ತಪ್ಪು. ಮತ್ತೆ ತಪಾಸಣೆ, ಇನ್ನೊಂದು ಕಟ್ಟಡಕ್ಕೆ ರೈಲು. ವೀಲ್‌ಚೇರ್ ಹೇಳಿದ್ದರಿಂದ ಬಚಾವಾದೆವು. ವಯಸ್ಸಾದವರಿದ್ದರೆ ಮೂರು ಗಂಟೆಗೆ ಕಮ್ಮಿ ಬೇಡ, ವೀಲ್‌ಚೇರನ್ನು ಬುಕ್ ಮಾಡುವಾಗಲೇ ಕೇಳಿ.

ಮುಂದಿನದು 16 ಗಂಟೆ. "ಪಶ್ಚಿಮಕ್ಕೆ ಹೋಗಬೇಕಲ್ವಾ, ಇದ್ಯಾಕೆ ಮೇಲೆ ಮೇಲೆ ಹೋಗ್ತಿದೆ?" ಅಂದರು ಅಮ್ಮ, ಪರದೆಯ ನಕಾಶೆ ನೋಡಿ. ಕಿತ್ತಳೆ ಹಣ್ಣಿನ ಮೇಲೆ ದಾರ ಎಳೆದಂತೆ ಅಂದೆ. ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಭೂಮಿಯ ಹೆಚ್ಚುಕಡಿಮೆ ಎದುರುಬದುರು ಪಕ್ಕದಲ್ಲಿವೆ, ಹತ್ತಿರದ ದಾರಿ ಧ್ರುವದ ಮೇಲೇ. ವಯಸ್ಸಾದವರನ್ನು ಎರಡು ಗಂಟೆಗೊಮ್ಮೆ ಎಬ್ಬಿಸಿ ಓಡಾಡಿಸಿ. ಬಿಪಿ ಮಾತ್ರೆ ಕೈಚೀಲದಲ್ಲಿರಲಿ. ಒಂದು ಗಡಿಯಾರವನ್ನು ಬೆಂಗಳೂರಿನ ಹೊತ್ತಿಗೇ ಬಿಡಿ, ಇಲ್ಲದಿದ್ದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ.

ಇಳಿದಾಗ ಅಲ್ಲಿ ಅದೇ ದಿನದ ಮಧ್ಯಾಹ್ನ ಎರಡು ಗಂಟೆ. ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಇಮಿಗ್ರೇಷನ್ ಮುಗಿಸಿ ತಂಗಿ ಮನೆ ಸೇರಿದಾಗ ನಾಲ್ಕು, ಬಸವನಗುಡಿ ಬಿಟ್ಟು 29 ಗಂಟೆ.

ವಾಪಸು ಬರುವಾಗ ಇದರ ಉಲ್ಟಾ. ಸೋಮವಾರ ಸಂಜೆ ಹೊರಟವರು ಇಲ್ಲಿ ಇಳಿದಿದ್ದು ಬುಧವಾರ ಬೆಳಗಿನ ಜಾವ. ಕರೆಯಲು ಬರುವವರಿಗೆ ಹೊರಡುವ ತಾರೀಖಲ್ಲ, ಇಳಿಯುವ ತಾರೀಖು ಕಳಿಸಿ. ನಮ್ಮಣ್ಣ ಮಂಗಳವಾರವೇ ಬಂದು ಕಾದು, ಒಂದು ಕಾಫಿ ಕುಡಿದು ವಾಪಸ್ ಹೋಗಿದ್ದ.