ಮ್ಯಾಂಚೆಸ್ಟರಿನಲ್ಲಿ ಕಾರಣ ಹೇಳುವುದು

ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆಯಿಂದ ನಿಜವಾದ ಮ್ಯಾಂಚೆಸ್ಟರಿಗೆ ಬಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕಾರಣ ಹೇಳಬೇಕಾದಾಗಲೆಲ್ಲ ನಾನು ‘ಸಿನ್ಸ್’ ಎಂಬ ಪದವನ್ನೇ ಬಳಸುತ್ತಿದ್ದೆ. ‘ಬಿಕಾಸ್’ನಿಂದ ವಾಕ್ಯ ಆರಂಭಿಸಬಾರದೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು (ಹಾಗೊಂದು ನಿಯಮ ವ್ಯಾಕರಣದಲ್ಲಿ ಇಲ್ಲವೆಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ). ಅಲ್ಲದೆ, ‘ಮಳೆ ಬಂದದ್ದರಿಂದ ಸಂತೆಗೆ ಹೋಗಲಿಲ್ಲ’ ಎಂದು ಕಾರಣವನ್ನೇ ಮುಂದಿಟ್ಟು ಮಾತನಾಡುವ ನಮ್ಮ ನಾಲಿಗೆಗೆ ಸಿನ್ಸ್ ಸುಲಭವಾಗಿ ಒಗ್ಗಿತ್ತು.

ಒಮ್ಮೆ ಊಟದ ಬಿಡುವಿನಲ್ಲಿ, ದಾವಣಗೆರೆ ಜಿಲ್ಲೆಯಾದದ್ದರಿಂದ ನಮ್ಮ ತಂದೆ ಕಚೇರಿ ಕೆಲಸಕ್ಕೆಂದು ಚಿತ್ರದುರ್ಗಕ್ಕೆ ಅಲೆಯಬೇಕಾಗಿಲ್ಲ ಎಂಬ ಮಾತನ್ನು ಸಹೋದ್ಯೋಗಿಯೊಬ್ಬರಿಗೆ ಸಿನ್ಸ್ ಹಾಕಿ ಹೇಳಿದೆ. ಅದು ಯಾವ ವರ್ಷ ಎಂದರು; 1997 ಎಂದೆ. ‘ಸರಿ, ಅಲೆದಾಟ ನಿಂತದ್ದು ಏಕೆ?’ ಎಂದು ಅವರು ಮತ್ತೆ ಕೇಳಿದಾಗಲೇ, ನಾನು ಹೇಳಿದ ಕಾರಣವನ್ನು ಅವರು ಬರಿಯ ಕಾಲಸೂಚನೆಯೆಂದು ತಿಳಿದಿದ್ದರೆಂಬುದು ಹೊಳೆದದ್ದು. ಕನ್ನಡದಲ್ಲಿ ‘ಜಿಲ್ಲೆಯಾದಾಗಿನಿಂದ’ ಎಂಬುದೇ ಬೇರೆ, ‘ಜಿಲ್ಲೆಯಾದದ್ದರಿಂದ’ ಎಂಬುದೇ ಬೇರೆ. ಸಿನ್ಸ್ ಎರಡನ್ನೂ ಒಂದೇ ಚೀಲದಲ್ಲಿ ಹೊರುತ್ತದೆ.

ಹೋದ ವಾರ ದಾವಣಗೆರೆಯಿಂದ ಅಕ್ಕನ ಮಗಳು ಫೋನ್ ಮಾಡಿ, “ಮಾವ, ಬಿಕಾಸ್, ಸಿನ್ಸ್, ಆ್ಯಸ್ ಎಲ್ಲಾ ಒಂದೇ ಅಲ್ವಾ?” ಎಂದಳು. ಕೇಳುವವರಿಗೆ ಕಾರಣ ಹೊಸದಾಗಿದ್ದು, ಅದನ್ನು ತಿಳಿಸುವುದೇ ಮಾತಿನ ಉದ್ದೇಶವಾಗಿದ್ದರೆ ಬಿಕಾಸ್ ಬೇಕು. ‘ಏಕೆ’ ಎಂಬ ನೇರ ಪ್ರಶ್ನೆಗೆ ಉತ್ತರವಾಗಿ ಸಿನ್ಸ್ ನಿಲ್ಲುವುದಿಲ್ಲ. ಇಬ್ಬರಿಗೂ ಗೊತ್ತಿರುವ ಕಾರಣವನ್ನು ಸುಮ್ಮನೆ ನೆನಪಿಸಿ ಮುಂದಿನ ಮಾತಿಗೆ ಹೋಗುವುದಾದರೆ ಸಿನ್ಸ್ ಒಪ್ಪುತ್ತದೆ. ‘ಹೇಗೂ ಬಂದಿದ್ದೀಯಲ್ಲ, ಮಂಡಕ್ಕಿ ತಿಂದು ಹೋಗು’ ಎನ್ನುವಾಗ ‘ಹೇಗೂ’ ಮತ್ತು ‘ಅಲ್ಲ’ ಸೇರಿ ಮಾಡುವ ಕೆಲಸ ಅದು. ಆ್ಯಸ್ ಕೂಡ ಇದೇ ಜಾತಿಯದಾದರೂ ‘ಆಗುತ್ತಿರುವಾಗ’ ಎಂಬ ಅರ್ಥವೂ ಅದಕ್ಕಿರುವುದರಿಂದ ನಾನು ಅದನ್ನು ಆದಷ್ಟು ದೂರವಿಟ್ಟಿದ್ದೇನೆ. ‘ಫಾರ್’ ನಮ್ಮ ‘ಏಕೆಂದರೆ’ಯಂತೆ ಮುಖ್ಯ ಮಾತು ಮುಗಿದ ಮೇಲಷ್ಟೇ ಬರುತ್ತದೆ, ಆದರೆ ಅದು ಪುಸ್ತಕದ ಭಾಷೆ, ನಮ್ಮ ಕಚೇರಿಯಲ್ಲಿ ಯಾರೂ ಹಾಗೆ ಮಾತನಾಡಿದ್ದನ್ನು ನಾನು ಕೇಳಿಲ್ಲ.

ಇಷ್ಟನ್ನೂ ಕೇಳಿಸಿಕೊಂಡವಳು, “ಹಂಗಾದ್ರೆ ನೀವು ಯುಗಾದಿಗೆ ಊರಿಗೆ ಬರದೇ ಇರೋದಕ್ಕೆ ಯಾವುದು ಹಾಕೋದು?” ಎಂದಳು. ರಜೆ ಸಿಗಲಿಲ್ಲವೆಂಬುದು ಕಾರಣ, ಆದ್ದರಿಂದ ಬಿಕಾಸ್ ಎಂದೆ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು: “ಅದು ಪ್ರತಿ ವರ್ಷ ಹೇಳೋದೇ ಅಲ್ವೇನೋ. ಸಿನ್ಸ್ ಅಂತ ಬರಕೋ ಅನ್ನು.”