14ಕ್ಕೆ ಡ್ರೈವಿಂಗ್ ಪಾಠ, ಕಾರಿನ ಕೀ ಆಮೇಲೆ

ನಾವಿರುವ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮಕ್ಕಳು 14 ತುಂಬಿದ ಕೂಡಲೇ ಡ್ರೈವಿಂಗ್ ಕ್ಲಾಸಿಗೆ ಸೇರಬಹುದು. ಇದನ್ನು ಕೇಳಿ ದಾವಣಗೆರೆಯಲ್ಲಿರುವ ನಮ್ಮಕ್ಕ ಗಾಬರಿಯಾದಳು. "ಏನೇ, ಒಂಬತ್ತನೇ ಕ್ಲಾಸಿನ ಹುಡುಗಿ ಕೈಗೆ ಕಾರು ಕೊಡ್ತೀಯಾ?" ಇಲ್ಲ, ಮಗಳ ಕೈಗೆ ಆಗಲೇ ಕೊಡುವುದಿಲ್ಲ. ಕೊಡುವುದಕ್ಕೆ ಮುಂಚೆ ಏನೇನು ನಡೆಯುತ್ತದೆ ಅನ್ನುವುದನ್ನೇ ಊರಿನವರಿಗೆ ಹೇಳಬೇಕೆನಿಸಿತು.

14ಕ್ಕೆ ಶುರುವಾಗುವುದು ಪಾಠ ಮಾತ್ರ. ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವ ಸರ್ಕಲ್ಲಿನಲ್ಲಿ ಯಾರು ಮೊದಲು ಹೋಗಬೇಕು, ಸ್ಕೂಲ್ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ಎದುರಿನಿಂದ ಬರುವವರೂ ಯಾಕೆ ನಿಲ್ಲಬೇಕು, ಇಂಥವು. ರಸ್ತೆಗೆ ಇಳಿಯಲು 15 ತುಂಬಬೇಕು, ಲಿಖಿತ ಪರೀಕ್ಷೆ ಪಾಸಾಗಿ ಲರ್ನರ್ ಲೈಸೆನ್ಸ್ ಪಡೆಯಬೇಕು. ಸ್ಕೂಲಿಗೆ ಹೋಗುತ್ತಿದ್ದಾಳೆ ಅನ್ನುವುದಕ್ಕೂ ಪತ್ರ ಬೇಕು! ಈ ನಿಯಮ ನನಗೆ ಬಹಳ ಹಿಡಿಸಿತು. ಲರ್ನರ್ ಸಿಕ್ಕ ಮೇಲೂ ಪಕ್ಕದ ಸೀಟಿನಲ್ಲಿ 21 ದಾಟಿದ, ಲೈಸೆನ್ಸ್ ಇರುವ ಒಬ್ಬರು ಕೂತಿರಲೇಬೇಕು. ಹಾಗೆ ಕನಿಷ್ಠ 6 ತಿಂಗಳು ಕಳೆದು, 16 ತುಂಬಿದರೆ ಡ್ರೈವಿಂಗ್ ಟೆಸ್ಟ್. ಬೇರೆ ರಾಜ್ಯಗಳಲ್ಲಿ ಲೆಕ್ಕ ಬೇರೆ: ಮಿಶಿಗನ್‌ನಲ್ಲಿ 14 ವರ್ಷ 8 ತಿಂಗಳಿಗೆ ಕ್ಲಾಸು ಶುರು, ಕ್ಯಾಲಿಫೋರ್ನಿಯಾದಲ್ಲಿ ಲರ್ನರ್ ಸಿಗುವುದು ಹದಿನೈದೂವರೆಗೆ.

ಭಾರತದಲ್ಲಿ ಕಾರಿಗೆ 18 ಆಗಬೇಕು. ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಅದು ಸರಿಯಾದ ಕಾನೂನೇ. ಆದರೆ 18 ಆದ ಮೇಲೆ ಎಲ್‌ಎಲ್ ಮಾಡಿಸಿ 30 ದಿನ ಕಳೆದರೆ ಸಾಕು, ಆರ್‌ಟಿಒ ಟೆಸ್ಟಿಗೆ ಹೋಗಬಹುದು. ಟೆಕ್ಸಾಸ್‌ನಲ್ಲಿ ಬೇಗ ಶುರುಮಾಡಿ ನಿಧಾನವಾಗಿ ಕಲಿಸುತ್ತಾರೆ. ಎರಡನ್ನೂ ನೋಡಿದ ಮೇಲೆ ಹೇಳುತ್ತೇನೆ, ಶುರುಮಾಡುವ ವಯಸ್ಸಿಗಿಂತ ಕಲಿಯುವುದಕ್ಕೆ ಸಿಗುವ ಕಾಲ ಮುಖ್ಯ.

ಇಷ್ಟು ಬೇಗ ಯಾಕೆ ಅಂದರೆ, ಕಾರಿಲ್ಲದೆ ಇಲ್ಲಿ ಮಕ್ಕಳು ಮನೆಯಲ್ಲೇ ಉಳಿಯಬೇಕಾಗುತ್ತದೆ. ನಾವಿರುವ ಫ್ರಿಸ್ಕೋ ಊರು ಡಾಲಸ್‌ನ ಡಾರ್ಟ್ ರೈಲು-ಬಸ್ಸಿನ ಜಾಲಕ್ಕೆ ಸೇರಿಲ್ಲ. ಟ್ಯೂಷನ್ನು, ಸಂಗೀತ ಪಾಠ, ಗೆಳತಿಯ ಮನೆ ಎಲ್ಲಕ್ಕೂ ಅಪ್ಪ ಅಮ್ಮನೇ ಕರೆದುಕೊಂಡು ಹೋಗಬೇಕು.

ತಂದೆ ತಾಯಿಯೇ ಕಲಿಸುವ ಅವಕಾಶ ಟೆಕ್ಸಾಸ್‌ನಲ್ಲಿದೆ. ಇಲಾಖೆಯಲ್ಲಿ ಅರ್ಜಿ ಹಾಕಿ, ಅವರು ಒಪ್ಪಿದ ಪಠ್ಯಕ್ರಮ ಕೊಂಡು ಅದರಂತೆ ಕಲಿಸಬೇಕು. ನಾವು ಇದನ್ನೇ ಆರಿಸಿಕೊಂಡೆವು. 7 ಗಂಟೆ ಓಡಿಸುವ ಪಾಠ, 7 ಗಂಟೆ ಹಿಂದೆ ಕೂತು ನೋಡುವ ಪಾಠ, ಇದರ ಮೇಲೆ 30 ಗಂಟೆ ಅಭ್ಯಾಸ. ಅದರಲ್ಲಿ 10 ಗಂಟೆ ರಾತ್ರಿಯದ್ದೇ ಆಗಬೇಕು. ಅಭ್ಯಾಸದ ಲೆಕ್ಕಕ್ಕೆ ದಿನಕ್ಕೆ ಒಂದೇ ಗಂಟೆ ಹಿಡಿಯುತ್ತಾರೆ, ಹಾಗಾಗಿ ಒಂದೇ ವಾರಾಂತ್ಯದಲ್ಲಿ ಮುಗಿಸಿಬಿಡೋಣ ಅನ್ನುವ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಸ್ಕೂಲಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಬ್ರೇಕು ಹದವಾಗಿ ಒತ್ತುವುದರಿಂದ ನಾವು ಶುರುಮಾಡಿದೆವು. ಆಮೇಲೆ ಬಡಾವಣೆಯ ಒಳರಸ್ತೆ, ಆಮೇಲೆ ತರಕಾರಿ ಅಂಗಡಿಯ ದಾರಿ. ಸ್ಟಾಪ್ ಬೋರ್ಡಿನ ಮುಂದೆ ಚಕ್ರ ಪೂರ್ತಿ ನಿಲ್ಲಬೇಕು, ಲೇನ್ ಬದಲಿಸುವಾಗ ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿಸಿ ಹೆಗಲ ಹಿಂದೆ ನೋಡಬೇಕು. ಮಗಳು ಇದನ್ನು ಎಷ್ಟು ನಿಷ್ಠೆಯಿಂದ ಮಾಡುತ್ತಾಳೆಂದರೆ ಅವಳ ಅಪ್ಪನೂ ಈಗ ಹಾಗೇ ಮಾಡುತ್ತಾರೆ. ಫೋನು ದೂರವಿಟ್ಟು ಹದಿನೈದರ ಮಗಳ ಜೊತೆ ಒಂದು ಗಂಟೆ ಕೂರುವ ಅವಕಾಶ ಇನ್ನೆಲ್ಲಿ ಸಿಗುತ್ತದೆ? ಸ್ಕೂಲಿನ ಎಷ್ಟೋ ವಿಷಯ ನನಗೆ ಗೊತ್ತಾದದ್ದೇ ಈ ಕಾರಿನಲ್ಲಿ.

ಲೈಸೆನ್ಸ್ ಬಂದ ಮೇಲೂ ಪೂರ್ತಿ ಸ್ವಾತಂತ್ರ್ಯವಿಲ್ಲ. 18 ಆಗುವವರೆಗೆ ಡ್ರೈವ್ ಮಾಡುವಾಗ ಫೋನು ಮುಟ್ಟುವಂತಿಲ್ಲ. ಮೊದಲ ವರ್ಷ ಮಧ್ಯರಾತ್ರಿಯಿಂದ ಬೆಳಗಿನ 5ರವರೆಗೆ ಸುಮ್ಮನೆ ತಿರುಗಾಡುವಂತಿಲ್ಲ, ಮನೆಯವರಲ್ಲದ, 21ರ ಒಳಗಿನ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸಿಕೊಳ್ಳುವಂತಿಲ್ಲ. ಗೆಳೆಯರ ಗುಂಪು ಕಾರು ತುಂಬಿದಾಗ ಗಮನ ಎಲ್ಲಿ ಹೋಗುತ್ತದೆಂದು ನಮಗೆಲ್ಲ ಗೊತ್ತು. ಈ ನಿಯಮದಲ್ಲಿ ನಮ್ಮನೆಯಲ್ಲಿ ರಿಯಾಯಿತಿ ಇಲ್ಲ. ಇನ್ಶೂರೆನ್ಸ್ ಕಂತು ಏರುತ್ತದೆ. ಒಳ್ಳೆ ಅಂಕ ತೆಗೆದರೆ ಹಲವು ಕಂಪನಿಗಳು ಸ್ವಲ್ಪ ಇಳಿಸುತ್ತವೆ.

ಊರಿಂದ ಹೈಸ್ಕೂಲು ಮಕ್ಕಳೊಂದಿಗೆ ಇಲ್ಲಿಗೆ ಬರುವವರು ಕ್ಲಾಸನ್ನು ಬೇಗ ಶುರುಮಾಡಿಸಿ, ಟೆಸ್ಟಿಗೆ ಅವಸರ ಮಾಡಬೇಡಿ. ನಮ್ಮವಳಿಗೂ 16 ಹತ್ತಿರ ಬಂತು. ಮಳೆಯಲ್ಲಿ ಹೆದ್ದಾರಿ ಓಡಿಸಿದ್ದು ಇನ್ನೂ ಆಗಿಲ್ಲ, ರಾತ್ರಿಯ ಗಂಟೆಗಳೂ ಬಾಕಿ ಇವೆ. ಅವೆರಡೂ ಆದ ಮೇಲೆಯೇ ಟೆಸ್ಟ್ ಬುಕ್ ಮಾಡುತ್ತೇವೆ.